ಉಂಡವನು ನೆಂಟ, ಕ್ಯಾಲೊರಿ ನಮಗೆ

ಮೊನ್ನೆ ನಮ್ಮ ಜಗಲಿಗೆ ಸಮೀಕ್ಷೆಯವರೊಬ್ಬರು ಬಂದರು. ಶಿರಸಿ ಸೀಮೆಯಲ್ಲಿ ಬಂದವರಿಗೆ ಬೆಲ್ಲ, ನೀರು ಕೊಡದೆ ಮಾತು ಶುರುವಾಗುವುದಿಲ್ಲ. ಅದಾದ ಮೇಲೆ ಕೇಳಿದರು: “ಕಳೆದ 30 ದಿನಗಳಲ್ಲಿ ಮನೆಯಲ್ಲಿ ಅಕ್ಕಿ ಎಷ್ಟು ಖರ್ಚಾಯಿತು? ಬೇಳೆ ಎಷ್ಟು ಗ್ರಾಂ? ಉಪ್ಪು?”

“ಬೇಕಾದಷ್ಟು” ಎಂದಳು ಹೆಂಡತಿ, ಒಳಗಿನಿಂದಲೇ. ಅದನ್ನು ತುಂಬಲು ಫಾರಂನಲ್ಲಿ ಜಾಗವಿರಲಿಲ್ಲ.

ನಾವು ಅಪ್ಪೆಹುಳಿಯನ್ನು, ಅಂದರೆ ಮಾವಿನಕಾಯಿಯ ತೆಳು ಹುಳಿಸಾರನ್ನು, ಬೊಗಸೆಯೊಡ್ಡಿ ಸುರಿಯುವ ಜನ. ಒಂದು ಬೊಗಸೆಗೆ ಎಷ್ಟು ಮಿಲಿಲೀಟರು? ಬೆರಳ ಸಂದಿಯಲ್ಲಿ ಸೋರಿದ್ದನ್ನು ಕಳೆಯಬೇಕೇ? “ಸಾಕು, ಸಾಕು” ಎಂದು ಎಲೆಗೆ ಕೈ ಅಡ್ಡ ಹಿಡಿದ ಮೇಲೂ ಬಿದ್ದ ಎರಡು ಸೌಟು ಪಾಯಸ ಸೇವನೆಯೋ, ಅಪಘಾತವೋ?

ಇದಕ್ಕಿಂತ ಸೊಗಸಾದದ್ದು ನೆಂಟರ ಲೆಕ್ಕ. ಸರ್ಕಾರ ಮನೆಮನೆಯ ಖರ್ಚು ಕೇಳುವ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಳೆಯ ಪದ್ಧತಿಯಂತೆ, ಯಾರ ಒಲೆಯಲ್ಲಿ ಬೆಂದಿತೋ ಅನ್ನ ಆ ಮನೆಯ ಖಾತೆಗೆ, ಉಂಡವರು ಯಾರಾದರೇನು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬೆಳಗಿನಿಂದ ಮರ ಹತ್ತಿಳಿದು ನಮ್ಮಲ್ಲಿ ಉಂಡರೆ ಬೆವರು ಅವನದು, ಕ್ಯಾಲೊರಿ ನಮ್ಮದು. ಕಾಗದದ ಮೇಲೆ ಅವನು ಉಪವಾಸ, ನಾನು ಬಕಾಸುರ.

1979ರಲ್ಲಿ ಯೋಜನಾ ಆಯೋಗದ ತಜ್ಞರು ಹಳ್ಳಿಗನಿಗೆ ದಿನಕ್ಕೆ 2,400, ಪೇಟೆಯವನಿಗೆ 2,100 ಕ್ಯಾಲೊರಿ ಎಂದು ಬಡತನದ ಗೆರೆ ಎಳೆದರು. ಅಂದರೆ ನಾನು ಸಾಮಾನಿಗೆಂದು ಶಿರಸಿ ಪೇಟೆ ಹೊಕ್ಕ ಕೂಡಲೇ ನನ್ನ ಹಸಿವು 300 ಕಡಿಮೆಯಾಗಬೇಕು. ಹೋಟೆಲಿನ ಖಾರದ ಮಿಸಾಳದ ವಾಸನೆ ಬಂದರೆ ಹಾಗೇನೂ ಆಗುವುದಿಲ್ಲ. 1990ರ ದಶಕದ ಕೊನೆಗೆ ಇನ್ನೊಂದು ಪವಾಡ ನಡೆಯಿತು. ಪ್ರಯೋಗಕ್ಕೆಂದು 30 ದಿನಗಳ ಬದಲು 7 ದಿನಗಳ ಊಟವನ್ನಷ್ಟೇ ಕೇಳಿ ನೋಡಿದರು. ಜನ ಹೆಚ್ಚು ನೆನಪಿಸಿಕೊಂಡರು, ಲೆಕ್ಕದಲ್ಲಿ ದೇಶದ ಬಡತನ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಬೆಳಿಗ್ಗೆ ತಿಂದದ್ದನ್ನು ಮಾತ್ರ ಕೇಳಿದ್ದರೆ ಭಾರತ ಆಗಲೇ ಶ್ರೀಮಂತವಾಗಿಬಿಡುತ್ತಿತ್ತೇನೋ.

ಘಟ್ಟ ಇಳಿದರೆ ಕಥೆ ಬೇರೆ. ಕಾರವಾರದ ಗೆಳೆಯನನ್ನು ಜುಲೈನಲ್ಲಿ ಕೇಳಿದರೆ ಅವನು ಸಾಧು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅಕ್ಟೋಬರಿನಲ್ಲಿ ಕೇಳಿ, ಬಂಗಡೆಯ ಮುಳ್ಳು ತೆಗೆಯುತ್ತಲೇ ಉತ್ತರಿಸುತ್ತಾನೆ. ಎರಡನ್ನೂ ಕೂಡಿಸಿ ಭಾಗಿಸಿದಾಗ ಸಿಗುವ ಸರಾಸರಿ ಗೆಳೆಯನನ್ನು ಅವನ ಹೆಂಡತಿಯೂ ಗುರುತಿಸಲಾರಳು.

ಇನ್ನು ಬಾಯಿ. ಅದು ಕೇಳುವವರ ಮುಖ ನೋಡಿ ಉತ್ತರಿಸುತ್ತದೆ. ಡಾಕ್ಟರಿಗೆ ಒಂದು ಚಪಾತಿ, ಬೀಗರಿಗೆ ಆರು ಹೋಳಿಗೆ. ವಿಜ್ಞಾನಿಗಳಿಗೂ ಇದು ಗೊತ್ತು. ಭಾರದ ಹೈಡ್ರೋಜನ್, ಭಾರದ ಆಮ್ಲಜನಕ ಬೆರೆತ ನೀರು ಕುಡಿಸಿ, ಒಂದೆರಡು ವಾರ ಮೂತ್ರ ಪರೀಕ್ಷಿಸಿ, ದೇಹ ಸುಟ್ಟ ಶಕ್ತಿಯನ್ನು ಅಳೆಯುತ್ತಾರೆ. ಮೈತೂಕ ಬದಲಾಗದಿದ್ದರೆ ಉಂಡದ್ದೂ ಅಷ್ಟೇ. ಬಾಯಿ ಹೇಳಿದ್ದಕ್ಕಿಂತ ಮೂತ್ರ ಹೇಳಿದ್ದು ಸಾಮಾನ್ಯವಾಗಿ ಹೆಚ್ಚು. ಆದರೆ ಆ ನೀರು ದುಬಾರಿ. ಪೆನ್ನು ಅಗ್ಗ.

ಹೊತ್ತಾಯಿತೆಂದು ಸಮೀಕ್ಷೆಯವರನ್ನು ಊಟಕ್ಕೆ ಎಬ್ಬಿಸಿದೆವು. ತಂಬುಳಿ, ಹಲಸಿನ ಹಪ್ಪಳ, ಕೊನೆಗೆ ಕಬ್ಬಿನ ಹಾಲಿನ ತೆಳು ಸಿಹಿ, ತುಪ್ಪ ಸವರಿದ ತೊಡದೇವು. ಕೈ ತೊಳೆದು ಬಂದವರು ಫಾರಂ ಬಿಡಿಸಿ, ತಮ್ಮ ಊಟವನ್ನು ನಿಯಮದಂತೆ ನಮ್ಮ ಖಾತೆಗೆ ಬರೆದುಕೊಂಡರು.

ತೊಡದೇವು ತಿಂದದ್ದು ಐದು. ಬರೆದದ್ದು ಎರಡು.