ಕಾಳಿ ಹುಟ್ಟುವುದೆಲ್ಲಿ?

ಭಾರತ, ನೇಪಾಳ, ಚೀನಾ ಗಡಿಗಳು ಸೇರುವೆಡೆಯ ವಿವಾದಿತ ಕಣಿವೆದಾರಿ ಲಿಪುಲೇಖ್ ಬಗ್ಗೆ ರಾಜತಾಂತ್ರಿಕರು ಬಾಯಿಬಿಟ್ಟರೆ ಸಾಕು, ನೇಪಾಳದ ಜನ ವಿನಾಕಾರಣ ಕೆರಳುತ್ತಾರೆ ಎಂಬ ವಾದವನ್ನು ಒಪ್ಪಲಾರೆ. ನೇಪಾಳ ಮತ್ತು ಈಸ್ಟ್ ಇಂಡಿಯಾ ಕಂಪನಿ ನಡುವಿನ 1816ರ ಸುಗೌಲಿ ಒಪ್ಪಂದದ 5ನೇ ವಿಧಿ ಕಾಳಿ ನದಿಯನ್ನು ಗಡಿಯಾಗಿಸಿತು. ಅದರ ಮೂಲ ಎಲ್ಲಿ ಅಂತ ಮಾತ್ರ ಬರೆಯಲಿಲ್ಲ. ಲಿಂಪಿಯಾಧುರಾದಿಂದ ಇಳಿಯುವ ತೊರೆಯೇ ಕಾಳಿ ಎನ್ನುತ್ತದೆ ನೇಪಾಳ. ಕಾಲಾಪಾನಿಯ ಬುಗ್ಗೆಗಳಿಂದ ಹುಟ್ಟುವುದೇ ಕಾಳಿ ಎನ್ನುತ್ತದೆ ಭಾರತ. ಯಾವ ತೊರೆಗೆ ಆ ಹೆಸರು ಸಲ್ಲುತ್ತದೆ ಅನ್ನುವುದರ ಮೇಲೆ ಮುನ್ನೂರಕ್ಕೂ ಹೆಚ್ಚು ಚದರ ಕಿ.ಮೀ. ನೆಲ ಯಾರದೆಂದು ನಿಂತಿದೆ. ಹೀಗಿರುವಾಗ ‘ಗಡಿ ಇತ್ಯರ್ಥವಾಗಿದೆ’ ಎಂದು ಯಾವ ರಾಯಭಾರಿ ಹೇಳಿದರೂ ಮಾತುಕತೆಗೆ ಮುಂಚೆಯೇ ತೀರ್ಪು ಕೊಟ್ಟಂತೆ. 2015ರ ಭಾರತ–ಚೀನಾ ಜಂಟಿ ಹೇಳಿಕೆಯಲ್ಲಿ ಲಿಪುಲೇಖ್ ವ್ಯಾಪಾರದ ಪ್ರಸ್ತಾಪ ಬಂದಿದ್ದಕ್ಕೇ ಕಠ್ಮಂಡು ಆಕ್ಷೇಪಿಸಿತ್ತು. 2020ರಲ್ಲಿ ಈ ನೆಲವೂ ತನ್ನದೆಂದು ತೋರಿಸುವಂತೆ ರಾಷ್ಟ್ರಲಾಂಛನದ ನಕ್ಷೆಯನ್ನೇ ಬದಲಿಸಿ ಸಂವಿಧಾನಕ್ಕೆ ಸೇರಿಸಿತು. ಆ ನಕ್ಷೆಯನ್ನು ಮತ್ತೆ ಬದಲಿಸಲು ನೇಪಾಳದ ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು.