ಮಾಡಿಲ್ಲದ ಮನೆಗೆ ಮಂಜೂರಾತಿ

ಮನೆ ಕಟ್ಟಲು ಕಲ್ಲು, ಮರಳು, ಮೇಸ್ತ್ರಿ ಮತ್ತು ಬ್ಯಾಂಕಿನ ಸಾಲ ಸಾಕೆಂದು ನಮ್ಮ ಹಿರಿಯರು ನಂಬಿದ್ದರು. ಪಾಪ, ಅವರಿಗೆ ತಿಳಿದಿದ್ದುದು ಅಷ್ಟೇ. ಇಂದು ಕಾಸರಗೋಡು ಜಿಲ್ಲೆಯ ಯಾವುದೇ ಗ್ರಾಮದಲ್ಲಿ ಹತ್ತು ಸೆಂಟ್ಸ್ ಜಾಗವಿರುವ ಕುಟುಂಬಕ್ಕೆ ಮೊತ್ತಮೊದಲು ಬೇಕಾಗುವುದು ಮನೆಯ ಡಿಸೈನ್ ಸಾಫ್ಟ್‌ವೇರ್ ಬಲ್ಲ ಒಬ್ಬ ಸಂಬಂಧಿಕ. ಅಂಥವನೊಬ್ಬನಿಲ್ಲದ ಮನೆತನಕ್ಕೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುವ ದಿನ ದೂರವಿಲ್ಲ.

ಬದಿಯಡ್ಕ ಕಡೆಯ ಅಡಿಕೆ ಕೃಷಿಕರಾದ ನಮ್ಮ ಭಾವನವರಿಗೆ ಬೇಕಾದದ್ದು ಬಹಳ ಸರಳ: ಜಗಲಿ, ಚಾವಡಿ, ದೇವರ ಕೋಣೆ, ಮಲಗಲು ಎರಡು ಕೋಣೆ, ಅಡುಗೆ ಕೋಣೆ, ಹಿಂಬದಿಯಲ್ಲೊಂದು ದನದ ಹಟ್ಟಿ, ಮುಂದೆ ಅಡಿಕೆ ಒಣಗಿಸುವಷ್ಟು ಅಂಗಳ ಮತ್ತು ಇವೆಲ್ಲಕ್ಕಿಂತ ಮುಖ್ಯವಾಗಿ ಹಂಚಿನ ಮಾಡು, ಎಂದರೆ ಇಳಿಜಾರು ಛಾವಣಿ. ಈ ಬೇಡಿಕೆಯನ್ನು ಅವರು ತಮ್ಮ ಸೋದರಳಿಯನ ಮುಂದೆ ಇಟ್ಟರು. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಬ್ಯಾಂಕೊಂದರ ಬಡ್ಡಿ ಲೆಕ್ಕ ಹಾಕುವ ಪ್ರೋಗ್ರಾಮಿನ ಒಂದು ಮೂಲೆಯನ್ನು ರಿಪೇರಿ ಮಾಡುತ್ತಾನೆ. ಆದರೆ ಊರಿನ ನ್ಯಾಯದಲ್ಲಿ ಸಾಫ್ಟ್‌ವೇರ್ ಎಂಬುದು ಒಂದೇ. ಒಂದನ್ನು ಬಲ್ಲವನು ಎಲ್ಲವನ್ನೂ ಬಲ್ಲ. "ಮಾವ, ನನಗದು ಗೊತ್ತಿಲ್ಲ" ಎಂದು ಅವನು ಹೇಳಿದ್ದನ್ನು ಕುಟುಂಬವು ವಿನಯವೆಂದೇ ತೆಗೆದುಕೊಂಡಿತು.

ಕೊನೆಗೆ ಅವನು ಸ್ವೀಟ್ ಹೋಮ್ ತ್ರೀಡಿ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಟ್ಟು ಕೈತೊಳೆದುಕೊಂಡನು. ಫ್ರಾನ್ಸಿನ ಪ್ರೋಗ್ರಾಮರ್ ಒಬ್ಬರು 2006ರಲ್ಲಿ ಲೋಕಕ್ಕೆ ಕೊಟ್ಟ ಈ ತಂತ್ರಾಂಶ ನಿಜಕ್ಕೂ ಉಪಕಾರಿಯಾದುದು. ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಅದು ಫ್ರಾನ್ಸಿನಲ್ಲಿ ಹುಟ್ಟಿತೆಂಬುದನ್ನು ಮರೆತು, ನೀರ್ಚಾಲಿನಲ್ಲೋ ಪೆರ್ಲದಲ್ಲೋ ಹುಟ್ಟಿತೆಂಬಂತೆ ಅದರ ಮುಂದೆ ಕುಳಿತರೆ ಕೆಲವು ಅಚ್ಚರಿಗಳು ಕಾದಿರುತ್ತವೆ. ಗೋಡೆ ಎಳೆದ ಕೂಡಲೇ ಅದು ತಾನಾಗಿ ಏಳೂವರೆ ಸೆಂಟಿಮೀಟರ್ ದಪ್ಪವನ್ನು ಕೊಡುತ್ತದೆ. ನಮ್ಮ ಕೆಂಪುಕಲ್ಲಿನ ಗೋಡೆಯೋ ಗಾರೆ ಸೇರಿ ಹೆಚ್ಚುಕಡಿಮೆ ಒಂದು ಗೇಣು. ಪೀಠೋಪಕರಣಗಳ ಪಟ್ಟಿಯಲ್ಲಿ ಪಿಯಾನೊ ಇದೆ, ಮೀನಿನ ಗಾಜಿನ ಪೆಟ್ಟಿಗೆ ಇದೆ, ಚಳಿ ಕಾಯಿಸಲು ಗೋಡೆಯೊಳಗಿನ ಅಗ್ಗಿಷ್ಟಿಕೆಯೂ ಇದೆ. ಮಾಡು ಬಿಡಿಸುವ ಸಾಧನ ಮಾತ್ರ ಮೂಲ ತಂತ್ರಾಂಶದಲ್ಲಿಲ್ಲ. ಅದಕ್ಕೆ ಪ್ಲಗಿನ್ ಎಂಬ ಹೆಚ್ಚುವರಿ ತುಣುಕನ್ನು ಬೇರೆ ಹುಡುಕಿ ಸೇರಿಸಿಕೊಳ್ಳಬೇಕು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯ ಗೃಹಸ್ಥನೊಬ್ಬನು ಹೀಗೆ ಅಗ್ಗಿಷ್ಟಿಕೆಯುಳ್ಳ, ಪಿಯಾನೊವುಳ್ಳ, ಮಾಡಿಲ್ಲದ ಮನೆಯನ್ನು ಪರದೆಯ ಮೇಲೆ ಸುತ್ತಿಸಿ ಸುತ್ತಿಸಿ ನೋಡುತ್ತ ಒಂದು ಮಳೆಗಾಲವನ್ನೇ ಕಳೆದನು.

ಇಲ್ಲಿಂದ ಸಹಾಯದ ಪರ್ವ ಆರಂಭವಾಗುತ್ತದೆ. ನಮ್ಮದು ಸಪ್ತಭಾಷೆಗಳ ನೆಲವೆಂದು ಭಾಷಣಗಳಲ್ಲಿ ಹೇಳುವುದುಂಟು. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಎಂದು ಬೆರಳು ಮಡಚಿ ಏಳನೆಯದಕ್ಕೆ ತಡಕಾಡುವಷ್ಟರಲ್ಲಿ ಸಭೆ ಚಪ್ಪಾಳೆ ತಟ್ಟಿರುತ್ತದೆ. ಸಾಫ್ಟ್‌ವೇರಿನ ಸಹಾಯ ಮಾತ್ರ ಇವುಗಳಾಚೆಯ ಇನ್ನೊಂದು ಭಾಷೆಯಲ್ಲಿ ಬರುತ್ತದೆ. ಅಡಿಕೆ ಒಣಗಿಸುವ ಅಂಗಳವನ್ನು ಹೇಗೆ ತೋರಿಸಬೇಕೆಂದು ಭಾವನವರು ಉತ್ತರಿಸುವ ಯಂತ್ರವೊಂದನ್ನು ಕೇಳಿದಾಗ, ಅದು ಅತ್ಯಂತ ಸೌಜನ್ಯದಿಂದ ಅಲ್ಲಿ ಹುಲ್ಲುಹಾಸು, ಛತ್ರಿ ಹಾಕಿದ ಮೇಜು ಮತ್ತು ಮಾಂಸ ಸುಡುವ ಒಲೆಯನ್ನು ಇಡಬಹುದೆಂದು ಸೂಚಿಸಿ, "ಈ ಉತ್ತರ ನಿಮಗೆ ಉಪಯುಕ್ತವಾಯಿತೇ?" ಎಂದು ವಿಚಾರಿಸಿತು. ಶುದ್ಧ ಸಸ್ಯಾಹಾರಿಗಳೂ ಪುರೋಹಿತರ ವಂಶದವರೂ ಆದ ಭಾವನವರು ಆ ದಿನ ಮತ್ತೆ ಕಂಪ್ಯೂಟರ್ ಮುಟ್ಟಲಿಲ್ಲ.

ತಾವೇ ಬಿಡಿಸಿದ ನಕ್ಷೆ ಎಷ್ಟೇ ಚೆಂದವಿದ್ದರೂ ಅದಕ್ಕೆ ಬೆಲೆಯಿಲ್ಲವೆಂಬುದು ಗೊತ್ತಾದದ್ದು ಆಮೇಲೆ. 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳ ಪ್ರಕಾರ ನಕ್ಷೆಗೆ ನೋಂದಾಯಿತ ಆರ್ಕಿಟೆಕ್ಟ್, ಎಂಜಿನಿಯರ್ ಅಥವಾ ಸೂಪರ್‌ವೈಸರ್ ಒಬ್ಬರ ಸಹಿ ಬೇಕು. ಅದು ಸರಿಯಾದುದೇ, ಗೋಡೆ ಬಿದ್ದರೆ ಹೊಣೆಗೊಬ್ಬರು ಬೇಡವೇ? ಹಾಗಾಗಿ ಭಾವನವರು ಪೆನ್‌ಡ್ರೈವ್ ಹಿಡಿದು ಕಾಸರಗೋಡು ಪೇಟೆಯ ಡ್ರಾಯಿಂಗ್ ಅಂಗಡಿಯೊಂದಕ್ಕೆ ಹೋದರು. ಅಲ್ಲಿಯ ಹುಡುಗ ಆ ಫೈಲನ್ನು ತೆರೆಯಲೂ ಇಲ್ಲ, ಏಕೆಂದರೆ ಅಂಗಡಿಯಲ್ಲಿದ್ದದ್ದು ಆಟೋಕ್ಯಾಡ್. 1982ರಿಂದ ಜಗತ್ತಿನ ನಕ್ಷೆಗಾರರನ್ನು ಆಳುತ್ತಿರುವ ಆ ತಂತ್ರಾಂಶಕ್ಕೂ ಈ ಉಚಿತ ತಂತ್ರಾಂಶದ ಫೈಲಿಗೂ ಮಾತುಕತೆಯಿಲ್ಲ.

ಆಟೋಕ್ಯಾಡ್‌ನ ಸಹಾಯದ ಬಗ್ಗೆ ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಎಫ್ ಒಂದು ಎಂಬ ಕೀಲಿಯನ್ನು ಒತ್ತಿದರೆ ಅದರಲ್ಲಿ ಸಹಾಯದ ಪುಟ ತೆರೆದುಕೊಳ್ಳುತ್ತದೆ. ಆದರೆ ಕೊಟ್ಟ ಆಜ್ಞೆಯನ್ನು ರದ್ದುಪಡಿಸುವ ಎಸ್ಕೇಪ್ ಕೀಲಿ ಅದರ ಪಕ್ಕದಲ್ಲೇ ಇರುವುದರಿಂದ, ದಿನಕ್ಕೆ ನೂರಾರು ಸಲ ಎಸ್ಕೇಪ್ ಒತ್ತುವ ನಕ್ಷೆಗಾರನ ಬೆರಳು ಜಾರಿ, ಬೇಡದ ಹೊತ್ತಿನಲ್ಲೆಲ್ಲ ಸಹಾಯವು ಬಂದು ಪರದೆಯನ್ನು ಮುಚ್ಚಿಬಿಡುತ್ತದೆ. ಈ ಉಪದ್ರವ ತಾಳಲಾರದೆ ಕೀಲಿಮಣೆಯಿಂದ ಆ ಒಂದು ಕೀಲಿಯನ್ನೇ ಕಿತ್ತಿಡುವವರು ಈ ವೃತ್ತಿಯಲ್ಲಿ ಲೋಕದೆಲ್ಲೆಡೆ ಇದ್ದಾರೆ. ಭಾವನವರು ಕಂಡ ಕೀಲಿಮಣೆಯಲ್ಲೂ ಆ ಜಾಗದಲ್ಲಿ ಒಂದು ಗುಳಿ ಮಾತ್ರ ಇತ್ತಂತೆ.

ಹುಡುಗ ಮನೆಯನ್ನು ಹೊಸದಾಗಿ ಬಿಡಿಸಿದನು. ಮಿಲಿಮೀಟರಿನಲ್ಲಿ ಬಿಡಿಸಿದ್ದನ್ನು ಇ-ಮೇಲ್ ಮೂಲಕ ಪಡೆದ, ಸಹಿ ಹಾಕಬೇಕಾದ ಎಂಜಿನಿಯರರ ಕಂಪ್ಯೂಟರ್ ಇಂಚಿನ ಲೆಕ್ಕದಲ್ಲಿ ತೆರೆಯಿತು. ಒಂದು ಇಂಚಿಗೆ 25.4 ಮಿಲಿಮೀಟರ್ ಆದುದರಿಂದ ಹತ್ತು ಮೀಟರ್ ಚೌಕದ ಮನೆಯು 254 ಮೀಟರ್ ಚೌಕಕ್ಕೆ ಬೆಳೆದು, ಭಾವನವರ ಹತ್ತು ಸೆಂಟ್ಸಿನ ಮೇಲೆ ಸುಮಾರು ಹದಿನಾರು ಎಕರೆಯ ಭವನವಾಗಿ ನಿಂತಿತು. ಕೆಳದಿಯ ಶಿವಪ್ಪ ನಾಯಕನು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದನೆನ್ನುವ ಬೇಕಲದ ಕೋಟೆ ಸುಮಾರು ನಲವತ್ತು ಎಕರೆ. ಅಂದರೆ ನಮ್ಮ ಭಾವನವರ ಎರಡು ಮಲಗುಕೋಣೆಯ ಮನೆ ಕೋಟೆಯ ಐದರಲ್ಲಿ ಎರಡು ಪಾಲು. ಶಿವಪ್ಪ ನಾಯಕನಿಗೆ ಈ ತೊಂದರೆ ಬರಲಿಲ್ಲ, ಏಕೆಂದರೆ ಅವನ ಬಳಿ ಇದ್ದವರು ಕಲ್ಲುಕುಟಿಗರು ಮಾತ್ರ. ನಕ್ಷೆಯಲ್ಲಿ ಕನ್ನಡದಲ್ಲಿ ಬರೆದ ‘ದೇವರ ಕೋಣೆ’ ಎಂಬುದು ಅಕ್ಷರಶೈಲಿ ಇಲ್ಲದ ಕಾರಣ ಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿ ಮೂಡಿದ್ದನ್ನು ನಾಸ್ತಿಕರು ಯಾರೂ ನೋಡಲಿಲ್ಲವೆಂಬುದೇ ಸಮಾಧಾನ.

ಅಳತೆ ಸರಿಹೋದ ಮೇಲೆ ವಾಸ್ತು ತಜ್ಞರು ಬಂದರು. ಅವರ ಲೆಕ್ಕ ಮೀಟರಿನದೂ ಅಲ್ಲ, ಇಂಚಿನದೂ ಅಲ್ಲ; ಕೋಲಿನದು. ಒಂದು ಕೋಲಿಗೆ 24 ಅಂಗುಲ, ಈಗಿನ ರೂಢಿಯಲ್ಲಿ 72 ಸೆಂಟಿಮೀಟರ್. ಕೋಣೆಯ ಸುತ್ತಳತೆಯನ್ನು ಕೋಲಿನಲ್ಲಿ ಹಿಡಿದು, ಮೂರರಿಂದ ಗುಣಿಸಿ, ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷ ಬೆಸವಾಗಿದ್ದರೆ ಶುಭ, ಸಮವಾಗಿದ್ದರೆ ಅಶುಭ. ಮೂರು ಮೀಟರ್ ಅಗಲ ಮತ್ತು 3.48 ಮೀಟರ್ ಉದ್ದದ ಮಲಗುಕೋಣೆಯ ಸುತ್ತಳತೆ 12.96 ಮೀಟರ್, ಎಂದರೆ ಸರಿಯಾಗಿ ಹದಿನೆಂಟು ಕೋಲು. ಮೂರರಿಂದ ಗುಣಿಸಿದರೆ 54, ಎಂಟರಿಂದ ಭಾಗಿಸಿದರೆ ಶೇಷ ಆರು. ಇಂಥ ಕೋಣೆಯಲ್ಲಿ ಮಲಗಿದವನಿಗೆ ಏನೇನಾಗುತ್ತದೆಂಬುದನ್ನು ತಜ್ಞರು ವಿವರಿಸಿದ ಮೇಲೆ, ಅಕ್ಕ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. ಉದ್ದಕ್ಕೆ ಹನ್ನೆರಡು ಸೆಂಟಿಮೀಟರ್ ಸೇರಿಸಲಾಯಿತು. ಶೇಷ ಏಳಾಗಿ ಕೋಣೆ ಗಜಯೋನಿ ಎಂಬ ಶುಭ ವರ್ಗಕ್ಕೆ ಬಂತು. ಗಣಿತ ನಿರ್ದೋಷವಾಗಿದೆ, ನಾನೇ ಗುಣಿಸಿ ನೋಡಿದ್ದೇನೆ.

ಆದರೆ ಆ ಹನ್ನೆರಡು ಸೆಂಟಿಮೀಟರ್ ಎಲ್ಲಿಂದಲೋ ಬರಬೇಕಲ್ಲ. ಕೇರಳದ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ಅರ್ಜಿ ವ್ಯವಸ್ಥೆ 2024ರ ಜನವರಿ 1ರಂದು ನಗರಗಳಲ್ಲಿ ಆರಂಭವಾಗಿ 2025ರಲ್ಲಿ ಗ್ರಾಮ ಪಂಚಾಯತುಗಳಿಗೂ ಬಂದಿರುವುದರಿಂದ, ಅರ್ಜಿಗಳೆಲ್ಲ ಈಗ ಗಣಕದ ದಾರಿಯಲ್ಲೇ ಸಾಗುತ್ತವೆ. ಹಿಂದೆ ಎದುರಿಗೊಬ್ಬ ಅಧಿಕಾರಿ ಇದ್ದಾಗ "ಹನ್ನೆರಡು ಸೆಂಟಿಮೀಟರ್ ಅಲ್ಲವಾ ಸಾರ್" ಎಂದು ಹಲ್ಲುಕಿರಿಯಲು ಅವಕಾಶವಿತ್ತು. ಪರದೆಗೆ ಹಲ್ಲು ಕಾಣಿಸುವುದಿಲ್ಲ. ಗಡಿಯಿಂದ ಬಿಡಬೇಕಾದ ಅಂತರಕ್ಕೆ ಕೊರತೆಯಾಯಿತೆಂದು ಎಂಜಿನಿಯರರು ಅದನ್ನು ಬಚ್ಚಲಿನಿಂದ ಕಳೆದರು. ಆಗ ಬಚ್ಚಲು ನಿಯಮಕ್ಕಿಂತ ಕಿರಿದಾಯಿತು. ಅಡುಗೆ ಕೋಣೆಯಿಂದ ಕಳೆಯಲು ನೋಡಿದರೆ ಅದರ ಶೇಷವೂ ಕೆಟ್ಟಿತು, ಅಕ್ಕನ ಮುಖವೂ ಕೆಟ್ಟಿತು. ಕಟ್ಟಕಡೆಗೆ ಜಗಲಿಯಿಂದ ಕಳೆದರು. ಜಗಲಿಯ ಪರವಾಗಿ ಮಾತಾಡಲು ವಾಸ್ತುವೂ ಬರಲಿಲ್ಲ, ಸರಕಾರವೂ ಬರಲಿಲ್ಲ. ಸಂಜೆ ಅಲ್ಲಿ ಕುಳಿತು ಎಲೆಯಡಿಕೆ ಹಾಕಬೇಕಾಗಿದ್ದವರು ಮಾತ್ರ ಮೊಣಕಾಲು ಎಲ್ಲಿಡಬೇಕೆಂದು ಕೇಳಿದರು. ಅದೇ ಸುತ್ತಿನಲ್ಲಿ ಹಟ್ಟಿಯು ಕಾರ್ ಪೋರ್ಚ್ ಎಂದು ಮರುನಾಮಕರಣಗೊಂಡಿತು, ಏಕೆಂದರೆ ಹುಡುಗನ ಚಿತ್ರಸಂಗ್ರಹದಲ್ಲಿ ಕಾರುಗಳ ಹತ್ತಾರು ಮಾದರಿಗಳಿದ್ದವು, ದನ ಒಂದೂ ಇರಲಿಲ್ಲ.

ಇನ್ನು ಮಾಡಿನ ಮಾತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಕರಾವಳಿಯ ಮನೆಗಳಿಗೆ ಮಳೆಯೊಡನೆ ಒಂದು ಒಪ್ಪಂದವಾಗಿತ್ತು: ಇಳಿಜಾರಾದ ಮಾಡು, ಗೋಡೆ ನೆನೆಯದಂತೆ ಹೊರಚಾಚಿದ ಸೂರು. ಈಗಿನ ಬಣ್ಣಬಣ್ಣದ ತ್ರೀಡಿ ಚಿತ್ರಗಳು ಬಂದ ಮೇಲೆ ಮನೆಗಳು ಚೌಕ ಪೆಟ್ಟಿಗೆಗಳಾದವು. ಪೆಟ್ಟಿಗೆಗೆ ಸೂರಿಲ್ಲ, ಚಪ್ಪಟೆ ತಾರಸಿಯ ಮೇಲೆ ನೀರು ನಿಂತು, ಒಂದೆರಡು ಮಳೆಗಾಲದಲ್ಲಿ ಛಾವಣಿ ಒಸರಿ, ಕೊನೆಗೆ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟು ಹೊದಿಸುತ್ತಾರೆ. ಕುಂಬಳೆಯಿಂದ ಮುಳ್ಳೇರಿಯದವರೆಗೆ ಬಸ್ಸಿನಲ್ಲಿ ಕುಳಿತು ನೋಡಿ: ಲಕ್ಷಗಟ್ಟಲೆ ಸುರಿದು ಮಾಡನ್ನು ತೆಗೆದವರು ಮತ್ತೆ ಲಕ್ಷ ಸುರಿದು ಮಾಡನ್ನು ಹಾಕಿಸಿದ್ದಾರೆ. ಚಿತ್ರದಲ್ಲಿ ಈ ಶೀಟು ಎಂದೂ ಇರುವುದಿಲ್ಲ, ಚಿತ್ರದಲ್ಲಿ ಸದಾ ನೀಲಿ ಆಕಾಶ.

ಭಾವನವರು ಹಂಚಿನ ಮಾಡಿಗಾಗಿ ಹಟ ಹಿಡಿದಾಗ ಸಹಾಯಕರೆಲ್ಲ ಮೊದಲ ಸಲ ಒಮ್ಮತಕ್ಕೆ ಬಂದರು. ಅಳಿಯನ ತಂತ್ರಾಂಶದಲ್ಲಿ ಅದಕ್ಕೆ ಪ್ಲಗಿನ್ ಬೇಕು. ಅಂಗಡಿಯ ಹುಡುಗನಿಗೆ ನಾಲ್ಕು ದಿಕ್ಕಿನ ಇಳಿಜಾರುಗಳು ಮೂಲೆಯಲ್ಲಿ ಕೂಡುವ ಗೆರೆ ಹೊಂದುವುದಿಲ್ಲ. ಎಂಜಿನಿಯರರಿಗೆ ಸೆಕ್ಷನ್, ಎಂದರೆ ಮನೆಯನ್ನು ಸೀಳಿ ತೋರಿಸುವ ನಕ್ಷೆ, ಮತ್ತೆ ಬಿಡಿಸಬೇಕು. "ತಾರಸಿ ಎಂದು ತೋರಿಸಿಬಿಡುವ ಭಟ್ರೇ, ಅದು ಎರಡು ಗೆರೆಯಲ್ಲಿ ಮುಗಿಯುತ್ತದೆ" ಎಂದು ಸಲಹೆ ಬಂತು. ಹಾಗೆಯೇ ತೋರಿಸಲಾಯಿತು. ಏಳೂವರೆ ಸೆಂಟಿಮೀಟರಿನ ಗೋಡೆಯಿಂದ ಹೊರಟು, ಹದಿನಾರು ಎಕರೆಗೆ ಬೆಳೆದು, ಗಜಯೋನಿಯಲ್ಲಿ ನೆಲೆಸಿ, ಜಗಲಿ ಸಣಕಲಾಗಿ, ಹಟ್ಟಿಯಲ್ಲಿ ಕಾರು ಕಟ್ಟಿದ ಆ ಮಾಡಿಲ್ಲದ ಮನೆಗೆ ಮಂಜೂರಾತಿ ದೊರೆಯಿತು.

ಮೇಸ್ತ್ರಿ ಬಂದವನು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಮಡಚಿ, ಸಿಮೆಂಟ್ ಚೀಲದ ಅಡಿಯಲ್ಲಿಟ್ಟನು. "ಮಳೆಗಾಲಕ್ಕೆ ಮಾಡು ಬೇಡವಾ ಭಟ್ರೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಗ್ಗ ಎಳೆದನು. ಈಗ ಮನೆ ಎದ್ದಿದೆ: ಕೆಂಪುಕಲ್ಲಿನ ಗೋಡೆ, ನಾಲ್ಕೂ ಕಡೆ ಇಳಿಜಾರಾದ ಹಂಚಿನ ಮಾಡು, ಕುಳಿತುಕೊಳ್ಳಬಹುದಾದ ಜಗಲಿ, ಹಟ್ಟಿಯಲ್ಲಿ ಎರಡು ದನ. ಮನೆಗೆ ನಂಬರು ಸಿಗಬೇಕಾದರೆ ಕಟ್ಟಿದ್ದು ಹೇಗಿದೆಯೋ ಹಾಗೆಯೇ ತೋರಿಸುವ ಕಂಪ್ಲೀಷನ್ ಪ್ಲಾನ್ ಸಲ್ಲಿಸಬೇಕಂತೆ. ಆದ್ದರಿಂದ ಡಿಸೈನ್ ಸಾಫ್ಟ್‌ವೇರ್ ಬಲ್ಲವರು ಬೇಕಾಗಿದ್ದಾರೆ. ಹಂಚಿನ ಮಾಡು ಬಿಡಿಸಲು ಬರುವವರಿಗೆ ಪ್ರಾಶಸ್ತ್ಯ. ದನದ ಚಿತ್ರ ಇರುವವರು ಕೂಡಲೇ ಸಂಪರ್ಕಿಸಬಹುದು.