ಬೂಷ್ಟು ಹಿಡಿದ ಡೀಸೆಲ್

ನಮ್ಮ ಶಂಕರಪುರದ ಮನೆಯ ಹಟ್ಟಿಯಲ್ಲಿ ಈಗ ದನ ಇಲ್ಲ. ಕೊನೆಯ ದನ ಹೋದ ಮೇಲೆ ಆ ಜಾಗಕ್ಕೆ ಕಾರು ಬಂತು. ಹಟ್ಟಿಯನ್ನು ನಾವು ಇವತ್ತಿಗೂ ಹಟ್ಟಿ ಎಂದೇ ಕರೆಯುತ್ತೇವೆ. ಹಾಗಾಗಿ ಯಾರಾದರೂ "ನಿಮ್ಮ ಅಪ್ಪನ ಕಾರು ಈಗ ಎಲ್ಲಿದೆ?" ಎಂದರೆ "ಹಟ್ಟಿಯಲ್ಲಿ ಉಂಟು" ಎನ್ನುತ್ತೇವೆ. 11 ವರ್ಷ ಅದು ಅಲ್ಲಿ ಸುಮ್ನೆ ನಿಂತಿತ್ತು. ಹಾಲು ಕೊಡುತ್ತಿರಲಿಲ್ಲ, ಹುಲ್ಲು ಕೇಳುತ್ತಿರಲಿಲ್ಲ.

ಅದು ಡೀಸೆಲ್ ಅಂಬಾಸಿಡರ್. 1489 ಸಿಸಿ ಎಂಜಿನ್, ಕುದುರೆಗಳು ಬರೀ 37. ಈಗಿನ ಸಣ್ಣ ಕಾರುಗಳಿಗೂ ಇದಕ್ಕಿಂತ ಜಾಸ್ತಿ ಇರುತ್ತವೆ. ಆ 37 ಕುದುರೆಗಳ ಮೇಲೆ ಅಪ್ಪ ಎಂಟು ಜನರನ್ನು ಹೇರಿ ಆಗುಂಬೆಯ 14 ತಿರುವು ಹತ್ತಿಸುತ್ತಿದ್ದರು. ಮಧ್ಯದಲ್ಲಿ ಎರಡು ಸಲ ರೇಡಿಯೇಟರಿಗೆ ನೀರು ಕುಡಿಸಲಿಕ್ಕೆ ನಿಲ್ಲಿಸಬೇಕಿತ್ತು. ನಾವು ಅದನ್ನು ದೃಶ್ಯ ನೋಡಲಿಕ್ಕೆ ನಿಲ್ಲಿಸಿದ್ದು ಎಂದುಕೊಂಡಿದ್ದೆವು. ಡೀಸೆಲ್ ಬೆಲೆ ಆಗ ಪೆಟ್ರೋಲಿನ ಅರ್ಧಕ್ಕಿಂತ ಕಡಿಮೆ. ಅಪ್ಪನಿಗೆ ಮಲ್ಲಿಗೆ ವ್ಯಾಪಾರ. ನಾಲ್ಕು ಚೆಂಡಿಗೆ ಒಂದು ಅಟ್ಟೆ ಲೆಕ್ಕದಲ್ಲಿ ಹೂವು ಹಿಂದಿನ ಸೀಟು ತುಂಬಿ ಮಂಗಳೂರಿಗೆ ಹೋಗುತ್ತಿತ್ತು. ಆ ಕಾರಿನೊಳಗೆ ಎರಡು ವಾಸನೆ ಇರುತ್ತಿದ್ದವು. ಹಿಂದೆ ಮಲ್ಲಿಗೆ, ಮುಂದೆ ಡೀಸೆಲ್. ನನಗೆ ಈಗಲೂ ಮದುವೆ ಮನೆಗೆ ಹೋದರೆ ಏನೋ ಒಂದು ಕಡಿಮೆ ಅನ್ನಿಸುತ್ತದೆ. ಅದು ಡೀಸೆಲ್.

ಅಪ್ಪ ಅದನ್ನು ಸ್ಟಾರ್ಟ್ ಮಾಡುವುದೇ ಒಂದು ಕ್ರಮ. ಎಂಜಿನ್ ಒಳಗೆ ಬಿಸಿಯಾಗಲಿ ಎಂದು ಕೀಯನ್ನು ಹೀಟರಿಗೆ ತಿರುಗಿಸಿ ಬಿಡುವುದು, ಒಂದು ವೀಳ್ಯ ಮಡಚಿ ಬಾಯಿಗೆ ಹಾಕಿಕೊಳ್ಳುವುದು, ಆಮೇಲೆ ಸೆಲ್ಫ್ ಹೊಡೆಯುವುದು. ಮಳೆಗಾಲದಲ್ಲಿ ಎರಡು ವೀಳ್ಯ. ಮನೆಗೆ ಬಂದ ಮೇಲೆ ಡ್ಯಾಶ್‌ಬೋರ್ಡಿನ ಕೆಳಗಿದ್ದ ಸ್ಟಾಪರ್ ಗುಂಡಿಯನ್ನು ಎಳೆಯುವುದು. ಕಾರು ನಾಲ್ಕು ಸಲ ಮೈ ಕೊಡವಿ, ಒಮ್ಮೆ ಕೆಮ್ಮಿ ನಿಲ್ಲುತ್ತಿತ್ತು. ಆ ಕೆಮ್ಮು ಕೇಳಿದ ಮೇಲೆಯೇ ಅಮ್ಮ ಗಂಜಿ ಬಡಿಸುವುದು. ಕಾರು ಅಂಗಳಕ್ಕೆ ಬಂದದ್ದು ಲೆಕ್ಕವಲ್ಲ. ನಿಲ್ಲಿಸಿದ ಮೇಲೂ ದಾರಿಯಲ್ಲಿ ಯಾರಾದರೂ ಮಾತಿಗೆ ಸಿಕ್ಕಿದರೆ ಗಂಜಿ ಆರುತ್ತದಲ್ಲ, ಆದರೂ ಅಮ್ಮನ ನಂಬಿಕೆ ಆ ಕೆಮ್ಮಿನ ಮೇಲೆಯೇ.

2014ರ ಮೇ ತಿಂಗಳಲ್ಲಿ ಬಂಗಾಳದ ಉತ್ತರಪಾರಾ ಕಾರ್ಖಾನೆ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿತು. ಅದೇ ವರ್ಷ ಅಪ್ಪನ ಎಡ ಮೊಣಕಾಲೂ ಕೆಲಸ ನಿಲ್ಲಿಸಿತು. ಅಂಬಾಸಿಡರಿನ ಕ್ಲಚ್ ಒತ್ತಿದವರಿಗೆ ಇವೆರಡರ ಸಂಬಂಧ ಗೊತ್ತಾಗುತ್ತದೆ. ಕಾರು ಹಟ್ಟಿಗೆ ಹೋಯಿತು. ಅಪ್ಪ ಮತ್ತೂ ನಾಲ್ಕು ವರ್ಷ ಚಾವಡಿಯಲ್ಲಿ ಕೂತು ಅದರ ಕಡೆ ನೋಡುತ್ತಿದ್ದರು. ಆಮೇಲೆ ನೋಡುವವರೂ ಇಲ್ಲ.

ಗುಜರಿಯವರು ವರ್ಷಕ್ಕೆ ಎರಡು ಸಲ ಬರುತ್ತಿದ್ದರು. ಸಾವಿರ ಕಿಲೋದ ಮೇಲೆ ತೂಗುವ ಕಬ್ಬಿಣ, ಬಿಡುತ್ತಾರಾ? ಅಮ್ಮ ಪ್ರತಿ ಸಲವೂ "ಒಳಗೆ ಬೆಕ್ಕು ಮರಿ ಹಾಕಿದೆ, ಈಗ ಆಗುವುದಿಲ್ಲ" ಎನ್ನುತ್ತಿದ್ದರು. ಸುಳ್ಳಲ್ಲ. ಹಿಂದಿನ ಸೀಟು ಊರಿನ ಬೆಕ್ಕುಗಳಿಗೆಲ್ಲ ಹೆರಿಗೆ ಕೋಣೆ.

ಇದನ್ನು ಎಬ್ಬಿಸುವ ಹುಚ್ಚು ಹಿಡಿದದ್ದು ನನ್ನ ತಂಗಿಯ ಮಗನಿಗೆ. ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಓದುತ್ತಾನೆ. ರಜೆಗೆ ಬಂದವನು ಬಾನೆಟ್ ಎತ್ತಿ, "ಮಾವಾ, ಇದರಲ್ಲಿ ಎಲೆಕ್ಟ್ರಾನಿಕ್ಸ್ ಒಂದೂ ಇಲ್ಲ. ಹಾಳಾಗ್ಲಿಕ್ಕೆ ಏನುಂಟು?" ಎಂದ. ಹೊಸ ಬ್ಯಾಟರಿ ಹಾಕಿ ಕೀ ತಿರುಗಿಸಿದರೆ ಆಯಿತು ಎಂಬುದು ಅವನ ಲೆಕ್ಕ. ಪುಣ್ಯಕ್ಕೆ ಬ್ಯಾಟರಿ ತರುವ ಮೊದಲು ನಾವು ಮೇಸ್ತ್ರಿಯನ್ನು ಕರೆದೆವು. ಅಪ್ಪನ ಕಾಲದಿಂದ ಈ ಕಾರಿನ ನಾಡಿ ಹಿಡಿದವರು ಅವರು. ಈಗ ಗ್ಯಾರೇಜು ಮಗ ನೋಡಿಕೊಳ್ಳುತ್ತಾನೆ. ಇವರು ಕಂಪ್ಯೂಟರ್ ಹಚ್ಚದ ಗಾಡಿಗಳಿಗೆ ಮಾತ್ರ ಕೈ ಹಾಕುತ್ತಾರೆ, ಅಂದರೆ ಹೆಚ್ಚಾಗಿ ಮನೆಯಲ್ಲೇ ಇರುತ್ತಾರೆ.

"ಸೆಲ್ಫ್ ಹೊಡೆದಿದ್ದೀರಾ?"

"ಇಲ್ಲ."

"ಹಾಗಾದ್ರೆ ಎಂಜಿನ್ ಉಂಟು" ಎಂದರು ಮೇಸ್ತ್ರಿ.

ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ತುಕ್ಕಿನಿಂದ ಕಚ್ಚಿಕೊಂಡಿರುತ್ತವೆ. ವರ್ಷಕ್ಕೆ 4000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಅಟ್ಟದ ಮೇಲಿನ ಟ್ರಂಕಿಗೇ ತುಕ್ಕು ಹಿಡಿಯುತ್ತದೆ, ಇನ್ನು ಹಟ್ಟಿಯ ಕಾರಿನ ಕಥೆ ಕೇಳಬೇಕಾ? ಒಣಗಿದ ಎಂಜಿನ್ನನ್ನು ಜೋರಾಗಿ ತಿರುಗಿಸಿದರೆ ರಿಂಗು ಮುರಿಯಬಹುದು. ಮೇಸ್ತ್ರಿ ನಾಲ್ಕು ಇಂಜೆಕ್ಟರ್ ಬಿಚ್ಚಿದರು. ಆ ತೂತುಗಳಲ್ಲಿ ಎಂಜಿನ್ ಆಯಿಲ್ ಮತ್ತು ಡೀಸೆಲ್ ಬೆರೆಸಿ ಹೊಯ್ದರು. "ಎರಡು ದಿನ ನೆನೀಲಿ" ಎಂದು ಹೊರಟರು.

ಅಮ್ಮನಿಗೆ ಈ ಮಾತು ಕೂಡಲೇ ಅರ್ಥವಾಯಿತು. ಮರುದಿನ ಬೆಳಿಗ್ಗೆ ಬಾನೆಟ್ ಬಳಿ ನಿಂತು, "ನೆನೆದದ್ದು ಸಾಕಾ? ಕುಚ್ಚಲಕ್ಕಿಗಿಂತ ಜಾಸ್ತಿ ಬೇಕಾ ಇದಕ್ಕೆ?" ಎಂದು ಕೇಳಿದರು. ಅಲ್ಲಿಂದ ಮುಂದೆ ಈ ಕಾರಿನ ರಿಪೇರಿಯೆಲ್ಲ ನಮ್ಮ ಮನೆಯಲ್ಲಿ ಅಡುಗೆ ಭಾಷೆಯಲ್ಲಿ ನಡೆಯಿತು. ಸುರತ್ಕಲ್‌ನ ಭಾಷೆ ಹಟ್ಟಿಯ ಹೊರಗೆ ನಿಂತಿತು.

ಮೂರನೆಯ ದಿನ ಹ್ಯಾಂಡಲ್ ಹಾಕಿ ತಿರುಗಿಸಿದರೆ ಎಂಜಿನ್ ತಿರುಗಿತು. ಇಂಜೆಕ್ಟರ್ ಇಲ್ಲದ ಕಾರಣ ಒಳಗೆ ಒತ್ತಡವಿಲ್ಲ, ಸಲೀಸು. ತೂತುಗಳಿಂದ ಕಪ್ಪು ಎಣ್ಣೆ ಚಿಮ್ಮಿ ಅಳಿಯನ ಬಿಳಿ ಅಂಗಿಗೆ ಬಿತ್ತು. ಇಂಜೆಕ್ಟರ್ ಹಾಕಿಯೇ ತಿರುಗಿಸಿದ್ದರೆ ಆ ಎಣ್ಣೆಗೆ ಹೋಗಲು ದಾರಿ ಇಲ್ಲ. ಗಾಳಿಯನ್ನು ಅದುಮಬಹುದು, ಎಣ್ಣೆಯನ್ನು ಅದುಮಲಿಕ್ಕಾಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಗ್ಗುತ್ತಿತ್ತು. ಅಂಗಿ ಹೋದದ್ದು ಲಾಭವೇ.

ಆಮೇಲೆ ಟ್ಯಾಂಕ್. ಕೆಳಗಿನ ಬೋಲ್ಟ್ ತೆಗೆದಾಗ ಬಂದದ್ದು ಡೀಸೆಲ್ ಅಲ್ಲ. ಮೊದಲು ತುಕ್ಕಿನ ನೀರು, ಅದರ ಹಿಂದೆ ಕಪ್ಪು ಲೋಳೆ, ಕೊನೆಗೆ ಹಳೆ ವಾರ್ನಿಷ್ ವಾಸನೆಯ ಕಷಾಯ. ಅಳಿಯ ಮೂಗು ಮುಚ್ಚಿಕೊಂಡ. ಅಮ್ಮ ಬಗ್ಗಿ ನೋಡಿ, "ಬೂಷ್ಟು ಬಂದಿದೆ" ಎಂದರು.

ನಿಜವಾಗಿಯೂ ಬೂಷ್ಟೇ. ಅರ್ಧ ಖಾಲಿ ಟ್ಯಾಂಕಿನೊಳಗೆ ಗಾಳಿ ಇರುತ್ತದೆ, ಗಾಳಿಯಲ್ಲಿ ನೀರಿನ ಪಸೆ. ರಾತ್ರಿ ತಣಿದಾಗ ಅದು ಹನಿಯಾಗಿ ಗೋಡೆಯಿಂದ ಇಳಿಯುತ್ತದೆ. ನೀರು ಡೀಸೆಲಿಗಿಂತ ಭಾರ, ತಳಕ್ಕೆ ಹೋಗುತ್ತದೆ. ಎರಡೂ ತಾಗುವ ಗೆರೆಯಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಕುಡಿಯಲಿಕ್ಕೆ ನೀರು, ತಿನ್ನಲಿಕ್ಕೆ ಡೀಸೆಲ್, ಮತ್ತೇನು ಬೇಕು? ಪೆಟ್ರೋಲಿಗಿಂತ ಡೀಸೆಲಿನಲ್ಲೇ ಈ ಕಾಟ ಜಾಸ್ತಿ. ಕಾರು ನಿಲ್ಲಿಸುವ ದಿನ ಟ್ಯಾಂಕನ್ನು ಕತ್ತಿನ ತನಕ ತುಂಬಿಸಿದ್ದರೆ ಇಷ್ಟು ಆಗುತ್ತಿರಲಿಲ್ಲ.

"ಉಪ್ಪಿನಕಾಯಿ ಭರಣಿ ಅರ್ಧ ಮಾಡಿ ಇಡಬಾರದು ಅಂತ ನಿನ್ನ ಅಪ್ಪನಿಗೆ ಎಷ್ಟು ಸಲ ಹೇಳಿದ್ದೇನೆ" ಎಂದರು ಅಮ್ಮ. ಅವರು ಹೇಳಿದ್ದು ಉಪ್ಪಿನಕಾಯಿಯ ವಿಷಯದಲ್ಲಿಯೇ. ಆದರೂ ಗೆದ್ದರು.

ಉಳಿದದ್ದನ್ನು ಬೇಗ ಹೇಳುತ್ತೇನೆ, ಯಾಕೆಂದರೆ ಅದು ಬರೀ ಖರ್ಚು. ಟಯರ್ ನಾಲ್ಕೂ ಹೋಗಿದ್ದವು. ರಬ್ಬರ್ ಪೈಪುಗಳು ಮುಟ್ಟಿದರೆ ಚಕ್ಕುಲಿಯ ಹಾಗೆ ಮುರಿಯುತ್ತಿದ್ದವು. ವಯರನ್ನು ಇಲಿ ತಿಂದಿತ್ತು. ಬ್ರೇಕ್ ಸಿಲಿಂಡರ್‌ಗಳು ಹಿಡಿದುಕೊಂಡಿದ್ದವು, ಬಿಚ್ಚಿ ಮಂಗಳೂರಿಗೆ ಕಳಿಸಿದೆವು. ಏರ್ ಫಿಲ್ಟರ್ ಡಬ್ಬಿಯೊಳಗೆ ಇಲಿ ಕತ್ತದ ನಾರು, ಪೇಪರ್ ಚೂರು ತುಂಬಿ ಸೊಗಸಾದ ಮನೆ ಕಟ್ಟಿತ್ತು. ಮೇಸ್ತ್ರಿ ಡಬ್ಬಿಯನ್ನು ಬಿಚ್ಚಿ ಬಾವಿಕಟ್ಟೆಯಲ್ಲಿ ತೊಳೆದು ಬಿಸಿಲಿಗೆ ಇಟ್ಟರು. ಆರ್‌ಸಿ ಅವಧಿ ಮುಗಿದು ಯಾವ ಕಾಲವೋ ಆಗಿತ್ತು. 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ಗಾಡಿ ತೋರಿಸಿ ನವೀಕರಿಸಬೇಕು. ಹೋಗಿ ತೋರಿಸಲಿಕ್ಕೆ ಮೊದಲು ಅದು ಹಟ್ಟಿಯಿಂದ ಹೊರಗೆ ಬರಬೇಕಲ್ಲ.

ಇನ್ನು ಗಾಳಿಯ ವಿಷಯ. ಪೆಟ್ರೋಲ್ ಎಂಜಿನ್‌ಗೆ ಕಿಡಿ ಬೇಕು. ಡೀಸೆಲಿಗೆ ಬೇಡ. ಅದು ಗಾಳಿಯನ್ನು ಇಪ್ಪತ್ತು ಪಟ್ಟು ಅದುಮುತ್ತದೆ. ಅದುಮಿದ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ, ಅದಕ್ಕೆ ಎಣ್ಣೆ ಚಿಮ್ಮಿಸಿದರೆ ತಾನೇ ಹತ್ತಿಕೊಳ್ಳುತ್ತದೆ. ಸೈಕಲ್ ಪಂಪಿನ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡಿದವರಿಗೆ ಇದು ಹೊಸತಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಇದನ್ನು ಸರಿಯಾಗಿ ಓಡಿಸಿ ತೋರಿಸಿದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದೊಂದು ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತಂತೆ. ಇದನ್ನು ಹೇಳಿದಾಗ ಅಮ್ಮ ತೆಂಗಿನೆಣ್ಣೆ ಡಬ್ಬಿಯನ್ನು ಒಳಗಿಟ್ಟರು. ಈಗಿನ ರೇಟಿನಲ್ಲಿ ಅದು ಬುದ್ಧಿವಂತಿಕೆಯೇ.

ತಮಾಷೆ ಏನೆಂದರೆ, ಗಾಳಿಯಿಂದಲೇ ಬದುಕುವ ಈ ಎಂಜಿನ್‌ಗೆ ಡೀಸೆಲ್ ಪೈಪಿನೊಳಗೆ ಗಾಳಿಯ ಒಂದು ಗುಳ್ಳೆ ಸೇರಿದರೂ ಆಗುವುದಿಲ್ಲ. ಪಂಪ್ ಒತ್ತಿದಾಗ ಗುಳ್ಳೆ ತಾನು ಕುಗ್ಗಿ ಕೂರುತ್ತದೆ, ಎಣ್ಣೆ ಮುಂದೆ ಹೋಗುವುದಿಲ್ಲ. ಅದಕ್ಕೆ 'ಏರ್ ತೆಗೆಯುವುದು'. ಫಿಲ್ಟರಿನ ಸ್ಕ್ರೂ ಸಡಿಲಿಸಬೇಕು, ಕೈ ಪಂಪ್ ಒತ್ತುತ್ತಾ ಇರಬೇಕು. ನೊರೆ ಬರುತ್ತದೆ, ಗುಳ್ಳೆ ಬರುತ್ತದೆ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಬೇಕು. ಆಮೇಲೆ ಇಂಜೆಕ್ಟರ್ ನಟ್ಟುಗಳಲ್ಲಿ ಮತ್ತೆ ಅದೇ. ಅಳಿಯನ ಹೆಬ್ಬೆರಳಲ್ಲಿ ಬೊಕ್ಕೆ ಎದ್ದಿತು. ಅವನಿಗೆ ಒಂದು ಸೆಮಿಸ್ಟರಿನಲ್ಲಿ ಗೊತ್ತಾಗದ್ದು ಎರಡು ಗಂಟೆಯಲ್ಲಿ ಗೊತ್ತಾಯಿತು ಎಂದು ನಾನು ಹೇಳಿದ್ದಕ್ಕೆ ಸಂಜೆ ತನಕ ಮಾತಾಡಲಿಲ್ಲ.

ಅಷ್ಟು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. ಎಲ್ಲೋ ಒಂದು ವಾಷರ್ ಗಾಳಿ ಎಳೆಯುತ್ತಿದೆ ಎಂದರು ಮೇಸ್ತ್ರಿ. ವಾಷರ್ ತರಲು ಸ್ಕೂಟರ್ ಹತ್ತಿ ಕಟಪಾಡಿಗೆ ಹೊರಟರು. ಹೋಗುವಾಗ, "ನಾನು ಬರುವ ತನಕ ಮುಟ್ಟಬೇಡಿ ಮಾರಾಯ್ರೇ" ಎಂದರು.

ಅವರು ಗೇಟು ದಾಟಿದ ಕೂಡಲೇ ನಾವು ಮುಟ್ಟಿದೆವು. ನಾನು ಸೀಟಿನಲ್ಲಿ ಕೂತು ಹೀಟರಿಗೆ ತಿರುಗಿಸಿದೆ. ವೀಳ್ಯ ಇರಲಿಲ್ಲ, ಸುಮ್ನೆ ಮೂವತ್ತರ ತನಕ ಎಣಿಸಿದೆ. ಸೆಲ್ಫ್ ಹೊಡೆದೆ. ಒಮ್ಮೆ ಗುಡುಗಿತು. ನಿಂತಿತು. ಇನ್ನೊಮ್ಮೆ ಹೊಡೆದೆ. ಬೆಳ್ಳಗಿನ ಹೊಗೆ ಹಟ್ಟಿ ತುಂಬಿ ಹೆಂಚಿನ ಸಂದಿನಿಂದ ಹೊರಗೆ ಹೋಯಿತು, ಆ ಹೊಗೆಯೊಳಗೆ ಎಂಜಿನ್ ಗಡಗಡ ಎಂದು ಓಡಲು ಶುರುಮಾಡಿತು. ಮೊದಲು ಮೂರೇ ಸಿಲಿಂಡರಿನಲ್ಲಿ, ಆಮೇಲೆ ನಾಲ್ಕರಲ್ಲಿಯೂ. ಬೆಕ್ಕು ಮೂರು ಮರಿಗಳ ಪೈಕಿ ಒಂದನ್ನು ಬಾಯಲ್ಲಿ ಕಚ್ಚಿಕೊಂಡು ಓಡಿತು. ಪಕ್ಕದ ಮನೆಯವರು ಬೆಂಕಿ ಬಿತ್ತು ಎಂದುಕೊಂಡು ಕೊಡಪಾನ ಹಿಡಿದು ಬಂದರು. ಅಳಿಯ ಕುಣಿಯುತ್ತಿದ್ದ.

ಎಂಜಿನ್ ಮೆಲ್ಲ ವೇಗ ಹೆಚ್ಚಿಸಿಕೊಂಡಿತು. ರೇಡಿಯೇಟರಿಗೆ ನೀರು ಹಾಕಿಲ್ಲ ಎಂಬುದು ಆಗ ನೆನಪಾಯಿತು. ನಿಲ್ಲಿಸೋಣ ಎಂದು ಸ್ಟಾಪರ್ ಎಳೆದೆ. ಗುಂಡಿ ನನ್ನ ಕೈಗೇ ಬಂತು, ಹಿಂದೆ ಗೇಣುದ್ದ ತುಕ್ಕು ಹಿಡಿದ ಕೇಬಲ್. ಕೀ ತಿರುಗಿಸಿದೆ, ಏನೂ ಆಗಲಿಲ್ಲ. ಅಳಿಯ ಬ್ಯಾಟರಿ ವಯರ್ ಕಿತ್ತ. ಅವನಿಗೆ ಅದರಲ್ಲಿ ಪೂರ್ಣ ವಿಶ್ವಾಸವಿತ್ತು. ಕಿಡಿಯೇ ಬೇಡದ ಎಂಜಿನ್‌ಗೆ ಬ್ಯಾಟರಿ ಇದ್ದರೇನು, ಇಲ್ಲದಿದ್ದರೇನು? ಗೇರಿಗೆ ಹಾಕಿ ಬ್ರೇಕ್ ಒತ್ತಿ ನಿಲ್ಲಿಸುವ ಎಂದರೆ ಬ್ರೇಕ್ ಮಂಗಳೂರಿನಲ್ಲಿದೆ. ಮೇಸ್ತ್ರಿಗೆ ಫೋನ್ ಮಾಡಿದರೆ ಅವರ ಫೋನ್ ನಮ್ಮ ಚಾವಡಿಯಲ್ಲೇ ರಿಂಗಾಯಿತು. 11 ವರ್ಷ ಏಳದೇ ಇದ್ದದ್ದನ್ನು ಎಬ್ಬಿಸಿದ್ದೆವು, ಮಲಗಿಸುವುದು ಮಾತ್ರ ಯಾರಿಗೂ ಗೊತ್ತಿಲ್ಲ.

ಅಮ್ಮ ಅಡುಗೆಮನೆಯಿಂದ ಬಂದರು. ಕೈಯಲ್ಲಿ ಕೂರುವ ಮಣೆ. "ಬಾಯಿ ಎಲ್ಲಿ ಇದರದ್ದು?" ಎಂದರು. ಅಳಿಯ ಏರ್ ಫಿಲ್ಟರ್ ತೆಗೆದ ಜಾಗ ತೋರಿಸಿ ಅಂಗೈಯಿಂದ ಮುಚ್ಚಲು ಹೋದ. "ಕೈ ಇಡಬೇಡ, ಎಳೆದುಕೊಳ್ತದೆ" ಎಂದು ಗದರಿಸಿ, ಆ ಬಾಯಿಯ ಮೇಲೆ ಮಣೆ ಬೋರಲು ಹಾಕಿ ಎರಡೂ ಕೈಯಲ್ಲಿ ಅದುಮಿದರು. ಎಂಜಿನ್ ಉಸಿರು ಕಟ್ಟಿ ನಾಲ್ಕು ಸಲ ಮೈ ಕೊಡವಿತು. ಒಮ್ಮೆ ಕೆಮ್ಮಿತು. ನಿಂತಿತು.

ಅಮ್ಮ ಮಣೆ ಎತ್ತಿಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತರು. ಆಮೇಲೆ ಯಾರಿಗೂ ಏನೂ ಹೇಳದೆ ಒಳಗೆ ಹೋಗಿ ಬಟ್ಟಲು ತೆಗೆದ ಸದ್ದಾಯಿತು. ಗಂಟೆ ಇನ್ನೂ ಹನ್ನೊಂದೂವರೆ.

ಅರ್ಧ ಗಂಟೆ ಬಿಟ್ಟು ಮೇಸ್ತ್ರಿ ವಾಷರ್ ಹಿಡಿದು ಬಂದರು. ಬಾನೆಟ್ ತೆರೆದಿದೆ, ಎಂಜಿನ್ ಸುಮ್ನೆ ಇದೆ, ಬ್ಯಾಟರಿ ವಯರ್ ಕಿತ್ತಿದೆ, ನಾವಿಬ್ಬರೂ ಮೆಟ್ಟಿಲ ಮೇಲೆ ಮುಖ ಮಸಿ ಮಾಡಿಕೊಂಡು ಕೂತಿದ್ದೇವೆ.

"ಆಗ್ಲಿಲ್ಲ ಅಲ್ವಾ?" ಎಂದರು. "ಮುಟ್ಟಬೇಡಿ ಅಂತ ಹೇಳಿದ್ದೆ. ಈಗ ಶುರುವಿನಿಂದ ಏರ್ ತೆಗೀಬೇಕು."

ಅಳಿಯ ನನ್ನ ಮುಖ ನೋಡಿದ. ಆಮೇಲೆ ತನ್ನ ಹೆಬ್ಬೆರಳನ್ನು ನೋಡಿಕೊಂಡ.